ಏರ್‌ಪೋರ್ಟ್ ಫೇಶಿಯಲ್

ನನ್ನ ಕೆನ್ನೆಗೆ ಮೊದಲ ಪೆಟ್ಟು ಬಿದ್ದದ್ದು ಫೇಶಿಯಲ್ ಮಾಡಿಸಿಕೊಂಡು ಬಂದ ಸಂಜೆ. ಕ್ರೀಮಿನ ಪರಿಮಳ ಇನ್ನೂ ಮುಖದಲ್ಲಿತ್ತು. ಅದರ ಮೇಲೆಯೇ ಬಿತ್ತು, ಅಂಗೈ ಅಗಲಿಸಿ ಬೀಸಿದ ಪೆಟ್ಟು. ನನಗಾಗ ನಲವತ್ತೆಂಟು. ನನ್ನ ಅಪ್ಪ ಮುಂಗೋಪಿ, ಆದರೆ ಅವರೂ ಒಂದು ದಿನ ನನ್ನ ಮೇಲೆ ಕೈಮಾಡಿದವರಲ್ಲ.

ಹೊಡೆದವನು ಗಂಡ. ಇಪ್ಪತ್ತಮೂರು ವರ್ಷ ‘ಅವರು, ಅವರು’ ಎಂದು ಬಾಯಿತುಂಬ ಕರೆದದ್ದು ಸಾಕು. ಇಲ್ಲಿ ಅವನು ಎಂದೇ ಬರೆಯುತ್ತೇನೆ.

ಗಲ್ಫಿನಲ್ಲಿ ಗಂಡಂದಿರಿರುವ ನಮ್ಮ ಮಂಗಳೂರಿನ ಹೆಂಗಸರಿಗೆ ಒಂದು ಕ್ರಮ ಉಂಟು. ಗಂಡ ರಜೆಯಲ್ಲಿ ಬರುವುದಕ್ಕೆ ಎರಡು ದಿನ ಮೊದಲು ಪಾರ್ಲರಿಗೆ ಹೋಗುವುದು. ಹುಬ್ಬು ತೆಗೆಸುವುದು, ಕೂದಲಿಗೆ ಬಣ್ಣ ಹಾಕಿಸುವುದು, ಕೊನೆಗೆ ಗೋಲ್ಡ್ ಫೇಶಿಯಲ್. ಇದರಲ್ಲಿ ನಮ್ಮವರು, ಬ್ಯಾರಿ ಮುಸ್ಲಿಮರು ಎಂಬ ಭೇದವಿಲ್ಲ. ಪಂಪ್‌ವೆಲ್ ಫ್ಲೈಓವರಿನ ಹತ್ತಿರ ನಾನು ಹೋಗುತ್ತಿದ್ದ ಪಾರ್ಲರಿನ ಹುಡುಗಿ ‘ಎಂತ ಮಾಡಬೇಕು’ ಎಂದು ಕೇಳುವುದೇ ಇಲ್ಲ. ‘ಯಾವಾಗ ಬರ್ತಾರೆ ಅಕ್ಕ?’ ಎಂದು ಕೇಳುತ್ತಾಳೆ. ದಿನ ಹೇಳಿದರೆ ಸಾಕು, ಉಳಿದದ್ದು ಅವಳಿಗೆ ಗೊತ್ತು. ನಾವು ಅದಕ್ಕೆ ಏರ್‌ಪೋರ್ಟ್ ಫೇಶಿಯಲ್ ಎಂದೇ ಹೇಳುವುದು. ಎರಡು ವರ್ಷಕ್ಕೊಮ್ಮೆ ನಾನು ಆ ಕುರ್ಚಿಯಲ್ಲಿ ಮಲಗಿ ಎದ್ದವಳು. ನಡುವಿನ ಎರಡು ವರ್ಷ ನನ್ನ ಮುಖಕ್ಕೆ ಸಾಬೂನೇ ಗತಿ.

ಕಳೆದ ಸಲ ಅವನು ಬಂದದ್ದು ರಜೆಯಲ್ಲಿ ಅಲ್ಲ. ಕಂಪೆನಿ ಮುಚ್ಚಿತ್ತು, ಪೆಟ್ಟಿಗೆ ಕಟ್ಟಿಕೊಂಡು ಪಡೀಲಿನ ನಮ್ಮ ಫ್ಲ್ಯಾಟಿಗೆ ಶಾಶ್ವತವಾಗಿ ಬಂದ. ಆಗಲೂ ಪದ್ಧತಿಯಂತೆ ಮುಖ ತಿಕ್ಕಿಸಿಕೊಂಡೇ ಅವನನ್ನು ಕರೆತರಲು ಹೋಗಿದ್ದೆ. ಅದಾಗಿ ಒಂದು ತಿಂಗಳಿಗೆ, ಏನೋ ಮನಸ್ಸಾಗಿ, ಮತ್ತೊಮ್ಮೆ ಮಾಡಿಸಿಕೊಂಡು ಬಂದೆ. ಅವನು ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ.

“ಮುಖಕ್ಕೆ ಎಂತ ಮಾಡಿಸಿದ್ದು?”

“ಫೇಶಿಯಲ್.”

“ನಾನು ಇಲ್ಲಿಯೇ ಇದ್ದೇನಲ್ಲ. ಈಗ ಬರುವವ ಯಾರು?”

ನನಗೆ ನಗು ಬಂತು. ತಮಾಷೆ ಎಂದೇ ತಿಳಿದೆ. “ಯಾರೂ ಇಲ್ಲಪ್ಪ, ನನಗೇ ಮಾಡಿಸಿದ್ದು” ಎಂದೆ. ಅವನು ಎದ್ದು ಬಂದ. ಮೊದಲ ಏಟಿಗೆ ಕಿವಿ ಗುಂಯ್ ಎಂದಿತು, ಎರಡನೆಯದಕ್ಕೆ ಬಾಯೊಳಗೆ ರಕ್ತ. ಮೂರನೆಯದಕ್ಕೆ ನಾನು ನೆಲದ ಮೇಲಿದ್ದೆ.

ಆ ರಾತ್ರಿಯಿಡೀ ನನ್ನನ್ನೇ ಬೈದುಕೊಂಡೆ. ಇಪ್ಪತ್ತಮೂರು ವರ್ಷದಲ್ಲಿ ಒಂದು ಸಲವಾದರೂ ನಾನು ನನಗೋಸ್ಕರ ಮುಖ ತೊಳೆಸಿಕೊಂಡಿದ್ದರೆ ಇವನಿಗೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ ಎನಿಸಿತು. ಎಂಥ ಬುದ್ಧಿ ನೋಡಿ! ಪೆಟ್ಟು ತಿಂದದ್ದೂ ನಾನೇ, ತಪ್ಪು ಹುಡುಕಿದ್ದೂ ನನ್ನಲ್ಲೇ.

ಇನ್ನು ಜಿಮ್ಮಿನ ವಿಷಯ ಹೇಳಬೇಕು. ಮುಟ್ಟು ನಿಲ್ಲುವ ಹೊತ್ತಿಗೆ ನನ್ನ ಮೊಣಕಾಲು ಹಿಡಿದುಕೊಂಡಿತ್ತು, ಮೈ ಬಿಸಿಯೇರಿ ನಟ್ಟಿರುಳು ಫ್ಯಾನಿನ ಕೆಳಗೆ ಬೆವರುತ್ತಿದ್ದೆ. ಎಲುಬು ಸವೆಯುತ್ತಿದೆ, ಭಾರ ಎತ್ತಿ, ಇಲ್ಲದಿದ್ದರೆ ಜಾರಿದಲ್ಲೆಲ್ಲ ಮುರಿದುಕೊಳ್ಳುತ್ತೀರಿ ಎಂದು ಡಾಕ್ಟರು ಹೆದರಿಸಿದರು. ನಮ್ಮ ಕಟ್ಟಡದ ಕೆಳಗೇ ಹೆಂಗಸರ ಜಿಮ್ ಇತ್ತು. ನಡೆಸುತ್ತಿದ್ದದ್ದು ಒಬ್ಬ ಬ್ಯಾರಿ ಹೆಂಗಸು. ಗಂಡನ ಜೊತೆ ದುಬೈಯಲ್ಲಿದ್ದಾಗ ಕಲಿತು, ಗಂಡ ತೀರಿಕೊಂಡ ಮೇಲೆ ಊರಿಗೆ ಬಂದು, ಮೈಮೇಲಿನ ಚಿನ್ನವನ್ನೆಲ್ಲ ಕಬ್ಬಿಣ ಮಾಡಿ ಆ ಕೋಣೆ ತುಂಬಿಸಿದವರು. ನಾವೆಲ್ಲ ಟೀಚರ್ ಎಂದು ಕರೆಯುತ್ತಿದ್ದೆವು. ಬಾಗಿಲಿಗೆ ದಪ್ಪ ಪರದೆ, ಒಳಗೆ ಬಂದೊಡನೆ ಫೋನು ಬುಟ್ಟಿಗೆ, ಬುರ್ಖಾ ಮೊಳೆಗೆ. ಹನ್ನೊಂದು ಗಂಟೆಯ ಬ್ಯಾಚಿನಲ್ಲಿ ನಾವು ಎಂಟು ಮಂದಿ, ಎಲ್ಲರೂ ನಲವತ್ತೈದು ದಾಟಿದವರು. “ಕೂತ್ಕೊಳ್ಳಿ, ಏಳಿ! ನಾಳೆ ಕಮೋಡಿನಿಂದ ಎಬ್ಬಿಸ್ಲಿಕ್ಕೆ ಸೊಸೆ ಬರುದಿಲ್ಲ!” ಎಂದು ಟೀಚರ್ ಕಿರುಚುವಾಗ ನಾವು ನಗುತ್ತ ನಗುತ್ತ ಬೀಳುತ್ತಿದ್ದೆವು. ಅವನು ಬರುವ ಹೊತ್ತಿಗೆ ನಾನು ಹನ್ನೊಂದು ಕಿಲೋ ಇಳಿದಿದ್ದೆ.

ಮೊದಲ ಪೆಟ್ಟಿನ ಮರುದಿನ ಪಕ್ಕದ ಫ್ಲ್ಯಾಟಿನಾಕೆ ಲಿಫ್ಟಿನಲ್ಲಿ ಸಿಕ್ಕಿದರು. “ಕೆನ್ನೆಗೆ ಎಂತಾಯ್ತು ಮಾರಾಯ್ತಿ?” ನನ್ನ ಬಾಯಿಗೆ ಬಂದದ್ದು: “ಜಿಮ್ಮಿನಲ್ಲಿ ಡಂಬೆಲ್ ತಾಗಿತು.” ಅಷ್ಟೇ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಆಮೇಲೆ ಅದೇ ರೂಢಿ. ತೋಳು ನೀಲಿಯಾದರೆ ಮೆಷಿನ್ ಬಡಿದದ್ದು. ತುಟಿ ಒಡೆದರೆ ರಬ್ಬರಿನ ಪಟ್ಟಿ ಚಿಮ್ಮಿದ್ದು. ಜಿಮ್ಮಿನಲ್ಲಿ ಟೀಚರ್ ಕೇಳಿದರೆ ಮಾತ್ರ ಮೆಟ್ಟಿಲು ಜಾರಿದೆ ಎನ್ನುತ್ತಿದ್ದೆ. ಮೇಲಿನವರಿಗೆ ಕೆಳಗಿನ ಸುಳ್ಳು, ಕೆಳಗಿನವರಿಗೆ ಮೇಲಿನ ಸುಳ್ಳು.

ಪೆಟ್ಟಿಗೆ ಕಾರಣ ಬೇಕಿರಲಿಲ್ಲ. ಕೂದಲಿಗೆ ಬಣ್ಣ ಹಾಕಿದರೆ ‘ಯಾರಿಗೆ?’, ಹಾಕದಿದ್ದರೆ ‘ನಾನೇನು ಮುದುಕಿಯನ್ನು ಕಟ್ಟಿಕೊಂಡಿದ್ದೇನಾ?’ ಎನ್ನುತ್ತಿದ್ದ. ಒಮ್ಮೆ ಜಡೆ ಹಿಡಿದು ಬಚ್ಚಲಿನವರೆಗೆ ಎಳೆದುಕೊಂಡು ಹೋಗಿ, ಬಣ್ಣ ಹೋಗಬೇಕೆಂದು ನೆಲ ತಿಕ್ಕುವ ಬ್ರಶ್ಶಿನಿಂದ ತಲೆ ತಿಕ್ಕಿದ. ಬಣ್ಣ ಹೋಗಲಿಲ್ಲ, ಚರ್ಮ ಕಿತ್ತುಬಂತು. ನನ್ನ ಕೈಯಲ್ಲಿ ಹತ್ತು ಕಿಲೋ ಎತ್ತುವ ಬಲವಿತ್ತು. ಅದೇ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ, ಥೂ!

ಪೆಟ್ಟಿನ ಗುರುತು ಮುಚ್ಚುವ ಬಣ್ಣದ ವಿದ್ಯೆ ಕಲಿಸಿದ್ದು ಪಾರ್ಲರಿನ ಹುಡುಗಿ. ಅವಳು ಏನನ್ನೂ ಕೇಳಲಿಲ್ಲ. ಮುಖ ನೀವುವಾಗ ಅವಳ ಬೆರಳು ಊದಿದ ಜಾಗವನ್ನು ತಾನೇ ಕಂಡುಕೊಂಡು, ಅದನ್ನು ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿತ್ತು. ಒಂದು ದಿನ ಮೂರು ಸಣ್ಣ ಡಬ್ಬಿ ತಂದು ಎದುರಿಗಿಟ್ಟಳು. “ಕೆಂಪಿದ್ದರೆ ಹಸಿರು ಹಚ್ಚಿ ಅಕ್ಕ. ನೀಲಿಯಾದ ಮೇಲೆ ಕಿತ್ತಳೆ. ಹಳದಿಗೆ ತಿರುಗಿದರೆ ಈ ನೇರಳೆ. ಮೇಲಿಂದ ಫೌಂಡೇಶನ್.” ಎಂಟು ತಿಂಗಳು ದಿನಾ ಬೆಳಗ್ಗೆ ಅರ್ಧ ಗಂಟೆ ನಾನು ಮಾಡಿದ ಸೌಂದರ್ಯ ಸಾಧನೆ ಇದೇ. ಉಡುಪಿಯಲ್ಲಿರುವ ಮಗಳು ವೀಡಿಯೊ ಕಾಲಿನಲ್ಲಿ ನೋಡಿ, “ಅಮ್ಮ, ಈಗ ಎಷ್ಟು ಚಂದ ಕಾಣ್ತೀ, ಅಪ್ಪ ಬಂದದ್ದಕ್ಕಾ?” ಎಂದಳು. ಫೋನು ಇಟ್ಟು ಅತ್ತೆ. ಅತ್ತರೆ ಬಣ್ಣ ಕರಗುತ್ತದೆಂದು ಅದನ್ನೂ ಬೇಗ ನಿಲ್ಲಿಸಿದೆ.

ಕೈ ಮುರಿದದ್ದು ಒಂದು ಬುಧವಾರ ಬೆಳಗ್ಗೆ. ಜಿಮ್ಮಿನ ಬಟ್ಟೆ ತೆಗೆಯಲು ಕಬ್ಬಿಣದ ಕಪಾಟಿಗೆ ಕೈ ಹಾಕಿದ್ದೆ. “ಇವತ್ತು ಹೋಗುವುದಿಲ್ಲ ನೀನು” ಎಂದ. “ಹೋಗ್ತೇನೆ” ಎಂದೆ. ಎರಡು ಕೈಯಲ್ಲೂ ಕಪಾಟಿನ ಬಾಗಿಲು ಹಿಡಿದು ನನ್ನ ಬಲಗೈ ಮೇಲೆ ಜಡಿದ. ತೆರೆದು ಇನ್ನೊಮ್ಮೆ ಜಡಿದ. ತೆಂಗಿನ ಗರಿಯ ಒಣ ಕೊತ್ತಳಿಗೆ ಮುರಿದ ಹಾಗೆ ಶಬ್ದವಾಯಿತು. ನಾನು ಕಿರುಚಿದಾಗ ಕುತ್ತಿಗೆ ಹಿಸುಕಿ ಹಿಡಿದ. ಕಣ್ಣು ಕತ್ತಲೆ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು, “ಹೇಗಾಯಿತು?” ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: “ಜಿಮ್ಮಿನಲ್ಲಿ ಬಿದ್ದದ್ದು ಸಾರ್. ಯಾವಾಗಲೂ ಅಲ್ಲಿ ಪೆಟ್ಟು ಮಾಡಿಕೊಳ್ತಾಳೆ, ಬೇಕಾದರೆ ನಮ್ಮ ಕಟ್ಟಡದಲ್ಲಿ ಯಾರನ್ನೂ ಕೇಳಿ.” ಹೇಳಿ ನನ್ನ ಕಡೆ ನೋಡಿದ. ಅಯ್ಯೋ, ಅದು ನನ್ನದೇ ಸುಳ್ಳು. ಎಂಟು ತಿಂಗಳು ನಾನು ಮನೆಮನೆಗೆ ಹಂಚಿ ಬಂದದ್ದನ್ನು ಅವನು ಎತ್ತಿಕೊಂಡಿದ್ದ. ಕುತ್ತಿಗೆಗೆ ಶಾಲು ಬಿಗಿಯಾಗಿ ಸುತ್ತಿಕೊಂಡು ನಾನು ಸುಮ್ಮನೆ ತಲೆಯಾಡಿಸಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಬಹುಶಃ ನಾನು ಇಂದಿಗೂ ಅದೇ ಡಬ್ಬಿಗಳನ್ನು ಇಟ್ಟುಕೊಂಡಿರುತ್ತಿದ್ದೆ. ಆದರೆ ಮರುದಿನ ಹನ್ನೊಂದು ಗಂಟೆಗೆ ಅವನು ನೇರ ಜಿಮ್ಮಿಗೆ ನುಗ್ಗಿದ. ಪರದೆಯನ್ನು ಕಂಬಿಯ ಸಮೇತ ಕಿತ್ತ. ಒಳಗಿದ್ದ ಹೆಂಗಸರು ಕಿರುಚಿ ಸಿಕ್ಕಿದ ಬಟ್ಟೆ ಎಳೆದುಕೊಂಡರಂತೆ. “ನನ್ನ ಹೆಂಡತಿಯ ಕೈ ಮುರಿದಿರಿ” ಎಂದು ಅರಚುತ್ತ ಒಂದು ಡಂಬೆಲ್ ಎತ್ತಿ ಗೋಡೆಯಗಲದ ಕನ್ನಡಿಗೆ ಎಸೆದನಂತೆ. ಚೂರು ಹಾರಿ ಟೀಚರ ಹಣೆಗೆ ನಾಲ್ಕು ಹೊಲಿಗೆ. ಜಿಮ್ ಮುಚ್ಚಿಸಬೇಕೆಂದು ಸಂಜೆಯೊಳಗೆ ಫ್ಲ್ಯಾಟಿನವರ ಅಸೋಸಿಯೇಶನ್ನಿಗೆ ಅರ್ಜಿ ಕೊಟ್ಟ. ಅದಕ್ಕೆ ಏಳು ಮನೆಯವರ ಸಹಿ. ಮೊದಲ ಸಹಿ ಪಕ್ಕದ ಫ್ಲ್ಯಾಟಿನಾಕೆಯದು. ಭಾನುವಾರ ಮೀಟಿಂಗ್.

ಶನಿವಾರ ಟೀಚರ ಫೋನು ಬಂತು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

“ಅಕ್ಕ, ನೀವು ಬಿದ್ದದ್ದು ಯಾವಾಗ? ಬುಧವಾರ ನೀವು ಬಂದದ್ದೇ ನನಗೆ ನೆನಪಿಲ್ಲ. ತಲೆಗೆ ಪೆಟ್ಟಾದ ಮೇಲೆ ನನಗೆ ಮರೆವು ಬಂತೋ ಎಂತ?”

ಮಾಡದ ತಪ್ಪನ್ನು ಆ ಹೆಂಗಸು ತನ್ನ ತಲೆಯೊಳಗೆ ಹುಡುಕುತ್ತಿದ್ದರು. ಅವನು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. “ಆಮೇಲೆ ಮಾತಾಡ್ತೇನೆ” ಎಂದು ಇಟ್ಟುಬಿಟ್ಟೆ. ಅಂದು ನನ್ನ ಮೇಲೆ ನನಗೆ ಬಂದಷ್ಟು ಹೇಸಿಗೆ ಇನ್ನೊಬ್ಬರ ಮೇಲೆ ಬಂದದ್ದಿಲ್ಲ, ಅವನ ಮೇಲೆಯೂ ಇಲ್ಲ.

ಮೀಟಿಂಗ್ ಕೆಳಗೆ ಪಾರ್ಕಿಂಗ್ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿ. ಬಲಗೈಗೆ ಪ್ಲಾಸ್ಟರಿದ್ದುದರಿಂದ ಎಡಗೈಯಲ್ಲೇ ಮುಖಕ್ಕೆ, ಕುತ್ತಿಗೆಗೆ ಬಣ್ಣ ಮೆತ್ತಿಕೊಂಡು ನಾನೂ ಹೋಗಿ ಕೂತೆ. ಅವನು ಮಾತಾಡಿದ. ಪಕ್ಕದ ಫ್ಲ್ಯಾಟಿನಾಕೆ ಎದ್ದು, “ಹೌದು, ಪಾಪ, ನನ್ನತ್ರ ಎಷ್ಟು ಸಲ ಹೇಳಿದ್ದಾರೆ” ಎಂದರು. ಸೆಕ್ರೆಟರಿ ಟೀಚರ ಕಡೆ ತಿರುಗಿದರು. ಹಣೆಗೆ ಬ್ಯಾಂಡೇಜು ಕಟ್ಟಿಕೊಂಡ ಟೀಚರ್ ಎದ್ದು ನಿಂತು ಕೈಮುಗಿದರು. “ನಾನು ಸರಿಯಾಗಿ ನೋಡಿಕೊಳ್ಬೇಕಿತ್ತು. ತಪ್ಪಾಯ್ತು. ಒಂದು ಸಲಕ್ಕೆ ಬಿಡಿ, ನನಗೆ ಬೇರೆ ದಾರಿ ಇಲ್ಲ.”

ಅದನ್ನು ಕೇಳಿ ನನ್ನ ಮೈಯೆಲ್ಲ ಉರಿಯಿತು. ಎದ್ದು ಕಾರು ತೊಳೆಯುವ ನಲ್ಲಿಯ ಹತ್ತಿರ ಹೋದೆ. ಪೂರ್ತಿ ತಿರುಗಿಸಿ ತಲೆ ಒಡ್ಡಿದೆ. ಎಡಗೈಯಲ್ಲಿ ಮುಖ ಉಜ್ಜಿದೆ, ಕುತ್ತಿಗೆ ಉಜ್ಜಿದೆ. ನೆಲದ ಮೇಲೆ ಕಿತ್ತಳೆ ಬಣ್ಣದ ನೀರು ಹರಿಯಿತು. ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ ಎಲ್ಲರ ಎದುರು ಬಂದು ಗಲ್ಲ ಎತ್ತಿ ನಿಂತೆ. ಕುತ್ತಿಗೆಯಲ್ಲಿ ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಒಂದು ಗುರುತು ಕಪ್ಪಿಟ್ಟಿತ್ತು.

“ಐದು ಬೆರಳಿರುವ ಡಂಬೆಲ್ ಯಾವ ಜಿಮ್ಮಿನಲ್ಲಿ ಉಂಟು? ಯಾರಾದರೂ ಹೇಳಿ!”

ಅವನು “ಏಯ್” ಎಂದು ಕೈಯೆತ್ತಿ ಬಂದ. ಎಂಟು ತಿಂಗಳು ಮುಖ ಮುಚ್ಚಿದ ಕೈಯನ್ನು ಅಂದು ನಾನು ಬೀಸಿದೆ. ಯಾವ ಕೈ ಎಂದು ಯೋಚಿಸಲಿಲ್ಲ, ಪ್ಲಾಸ್ಟರಿನದೇ ಬೀಸಿಹೋಯಿತು. ಅವನ ಮೂಗಿನ ಮೇಲೆ ಸರಿಯಾಗಿ ಬಿತ್ತು. ರಕ್ತ ಅಂಗಿಯ ಮೇಲೆಲ್ಲ ಸುರಿಯಿತು. ನನ್ನ ಕೈಯೊಳಗೆ ಮತ್ತೆ ಮುರಿದಂಥ ನೋವು, ನೆಲಕ್ಕೆ ಕುಸಿದೆ. ಆದರೆ ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ತುಂಬಾ ಖುಷಿಯಾಯಿತು.

ನನ್ನನ್ನು ಎಬ್ಬಿಸಲು ಬಂದ ಪಕ್ಕದ ಫ್ಲ್ಯಾಟಿನಾಕೆ ಕಿವಿಯಲ್ಲಿ, “ಗೋಡೆಯಾಚೆಗೆ ಎಲ್ಲ ಕೇಳ್ತಿತ್ತು ಮಾರಾಯ್ತಿ. ನೀವೇ ಜಿಮ್ಮು ಅಂತ ಹೇಳುವಾಗ ನಾವು ಎಂತ ಮಾಡುವುದು?” ಎಂದರು. ಅವರ ಕೈಯನ್ನು ಕೊಡವಿ ಬಿಸಾಡಿ ನಾನೇ ಎದ್ದೆ.

ಅಂದೇ ಮಹಿಳಾ ಠಾಣೆಗೆ ಹೋದೆ. ಜೊತೆಗೆ ಬಂದದ್ದು ಟೀಚರ್. ರಿಕ್ಷಾದಿಂದ ಇಳಿಯುವಾಗ, “ನಿಮ್ಮ ಗಂಡನ ಪೆಟ್ಟನ್ನೆಲ್ಲ ನನ್ನ ಡಂಬೆಲ್ಲಿನ ತಲೆಗೆ ಕಟ್ಟಿದ್ರಲ್ಲ ಅಕ್ಕ. ನನ್ನತ್ರ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?” ಎಂದು ಅಳತೊಡಗಿದರು. ಅವರ ಹಣೆಯ ಆ ಗೆರೆ ಈಗಲೂ ಇದೆ. ಅದಕ್ಕೆ ಹಚ್ಚುವ ಬಣ್ಣ ನನ್ನ ಯಾವ ಡಬ್ಬಿಯಲ್ಲೂ ಇರಲಿಲ್ಲ.

ಜಿಮ್ ಉಳಿಯಿತು. ಅವನು ಕದ್ರಿಯಲ್ಲಿ ಅಕ್ಕನ ಮನೆಯಲ್ಲಿದ್ದಾನೆ, ಕೇಸು ನಡೆಯುತ್ತಿದೆ. ಮಗಳಿಗೆ ಎಲ್ಲ ಹೇಳಿದೆ. ಅವಳು ಅರ್ಧ ಗಂಟೆ ಅತ್ತಳು, ಆಮೇಲೆ ಮುಚ್ಚಿಟ್ಟದ್ದಕ್ಕೆ ನನಗೇ ಬೈದಳು. ಕೈ ಕೂಡಿದರೂ ಸ್ವಲ್ಪ ಸೊಟ್ಟ, ಈಗ ಎರಡು ಕಿಲೋದಿಂದ ಮತ್ತೆ ಶುರುಮಾಡಿದ್ದೇನೆ. ಟೀಚರ್ ಮುಂಚಿನಂತೆಯೇ ಕಿರುಚುತ್ತಾರೆ. ನನ್ನ ಮೈಮೇಲೆ ಒಂದು ಸಣ್ಣ ಗುರುತು ಕಂಡರೂ ಎಲ್ಲರೆದುರೇ ಕೇಳುತ್ತಾರೆ, ಉತ್ತರ ಹೇಳುವವರೆಗೆ ಬಿಡುವುದಿಲ್ಲ.

ಪ್ಲಾಸ್ಟರ್ ತೆಗೆದ ಮೇಲೆ ಪಂಪ್‌ವೆಲ್ಲಿಗೆ ಹೋಗಿ ಆ ಕುರ್ಚಿಯಲ್ಲಿ ಮಲಗಿದೆ. ಗೋಲ್ಡ್ ಫೇಶಿಯಲ್ ಎಂದೆ. ಹುಡುಗಿ ಹಳೆಯ ಅಭ್ಯಾಸದಿಂದ “ಯಾವಾಗ ಬರ್ತಾರೆ ಅ—” ಎಂದವಳು ನಾಲಿಗೆ ಕಚ್ಚಿಕೊಂಡಳು. ಯಾರೂ ಬರುವುದಿಲ್ಲ ಎಂದೆ. ಅವಳು ಕ್ರೀಮು ತೆಗೆದುಕೊಂಡು ಮುಖ ನೀವತೊಡಗಿದಳು. ಅವಳ ಬೆರಳು ಕೆನ್ನೆಯ ಹತ್ತಿರ ಬಂದು, ಮೊದಲಿನ ಹಾಗೆಯೇ, ಆ ಜಾಗ ಬಿಟ್ಟು ಸುತ್ತು ಹಾಕಿಕೊಂಡು ಹೋಯಿತು.

“ಜೋರಾಗಿ ತಿಕ್ಕು ಮಾರಾಯ್ತಿ,” ಎಂದೆ. “ಇವತ್ತು ಎಲ್ಲಿಯೂ ನೋವಿಲ್ಲ.”