ಎಡಗೆನ್ನೆಯ ಮಚ್ಚೆ

ಒಬ್ಬ ಸಿನಿಮಾ ನಟಿಯ ಮಚ್ಚೆಯನ್ನು ಬಲಗೆನ್ನೆಯಿಂದ ಎಡಗೆನ್ನೆಗೆ ಟ್ರಾನ್ಸ್‌ಫರ್ ಮಾಡಿದ ಮನುಷ್ಯ ನಾನು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಹೋದ ವಾರ ಆಕೆ ತೀರಿಕೊಂಡರು. ಹೆಸರು ಹೇಳುವ ಅಗತ್ಯವಿಲ್ಲ, ನೀವೂ ಅತ್ತಿದ್ದೀರಿ. ನಾನು ಅಳಲಿಲ್ಲ. ಆಕೆಯ ಒಂದು ಕಣ್ಣು ಬರೆಯಲು ಮೂರು ದಿನ ತೆಗೆದುಕೊಂಡವನು ನಾನು. ಅದಕ್ಕಿಂತ ಹೆಚ್ಚು ಏನು ಮಾಡಲಿ?

ನಾನು ಸಿನಿಮಾ ಬೋರ್ಡ್ ಬರೆಯುವವನು. (ಆರನೇ ಕ್ಲಾಸ್ ಫೇಲ್ ಅಲ್ಲ, ಆರನೇ ಕ್ಲಾಸ್ ಬಿಟ್ಟವನು. ವ್ಯತ್ಯಾಸ ಇದೆ.) ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಆಕೆಯ ಇಪ್ಪತ್ತಡಿ ಮುಖ ಬರೆದಾಗ ನನಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಟಾಕೀಸಿನವರು ಕೊಟ್ಟಿದ್ದು ಫೋಟೋ ಅಲ್ಲ, ಫಿಲ್ಮಿನ ತುಂಡು. ಬಿಸಿಲಿಗೆ ಹಿಡಿದು ನೋಡಿ ಬರೆದೆ.

ಉಲ್ಟಾ ಹಿಡಿದಿದ್ದೆ.

ಯಾರೂ ಕೇಳಲಿಲ್ಲ. ಟಾಕೀಸಿನ ಒಳಗೆ ಹೋದವರಿಗಿಂತ ಹೊರಗೆ ನಿಂತು ಬೋರ್ಡ್ ನೋಡಿದವರೇ ಹೆಚ್ಚಲ್ಲವೇ? ಕಮಲಾಪುರದ ಶಿವಪ್ಪ ಅದೇ ಮುಖವನ್ನು ತನ್ನ ಚಹಾ ಹೋಟೆಲ್ ಗೋಡೆಯ ಮೇಲೂ ಬರೆಸಿದ. ತಪ್ಪನ್ನೂ ನೀಟಾಗಿ ಕಾಪಿ ಮಾಡಿದೆ.

ಮೊನ್ನೆ ಆ ಹೋಟೆಲ್ ಮುಂದೆಯೇ ಶ್ರದ್ಧಾಂಜಲಿ. ಕಲಬುರಗಿಯಿಂದ ಫ್ಲೆಕ್ಸ್ ಬಂದಿತ್ತು. ನಾನು ಬಸ್ಸಿಳಿದ ಕೂಡಲೇ ಶಿವಪ್ಪ ಶುರು ಮಾಡಿದ.

“ನೋಡ್ರೀ ಪೇಂಟರ್, ಫ್ಲೆಕ್ಸಿನವ್ರು ಉಲ್ಟಾ ಹೊಡದಾರ! ಮಚ್ಚಿ ಬಲಗಡಿ ಹೋಗ್ಯಾದ.”

ಹೋಟೆಲ್ ಎದುರು ಕೆಂಪು ಬಾಳೆಹಣ್ಣು ಮಾರುವ ಮುದುಕಿ ಶರಣಮ್ಮ ಹಾರ ಹಿಡಿದು ನಿಂತಿದ್ದಳು. “ಯಾರೋ ಮಂದಿ ಫೋಟೋಕ್ಕ ನಾ ಹಾರ ಹಾಕಂಗಿಲ್ಲ” ಎಂದಳು.

ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ನನ್ನ ಕೆಲಸ ಕಿತ್ತುಕೊಂಡಿದ್ದೇ ಈ ಫ್ಲೆಕ್ಸ್ ಮಿಷನ್. ಅದರ ಮೇಲೆ ತಪ್ಪು ಹೊರಿಸಲು ಇದಕ್ಕಿಂತ ಒಳ್ಳೆಯ ದಿನ ಸಿಗುತ್ತದೆಯೇ? ಆದರೆ ಆಕೆಯನ್ನು ಕಳಿಸಿಕೊಡುವ ಹೊತ್ತಿನಲ್ಲಿ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಫ್ಲೆಕ್ಸ್ ಖರೇ ಅದ. ನಾನೇ ತಪ್ಪು ಬರದಿದ್ದೆ.”

ಶಿವಪ್ಪ ನಕ್ಕ. “ಯಜಮಾನ್ರಿಗಿ ವಯಸ್ಸಾತು. ಒಂದ್ ಚಾ ಕೊಡ್ರಪಾ.”

ಶರಣಮ್ಮ ನಗಲಿಲ್ಲ. “ದಿನಾ ಗ್ವಾಡಿ ಮ್ಯಾಲಿನ ಈಕಿ ಮುಖ ನೋಡೇ ಬುಟ್ಟಿ ಇಳಸ್ತೀನಿ. ಗಂಡ ಸತ್ತು ಮತ್ತ ಅಂಗಡಿ ಹಚ್ಚಿದ ದಿನಾನೂ ಈಕಿ ಮುಖಾನೇ ನೋಡೀನಿ. ಬರದಾಂವ ನೀನೇ ಈಗ ತಪ್ಪಂದ್ರ, ನಾ ಎಲ್ಲಿಗಿ ಹೋಗ್ಲಿ ತಮ್ಮಾ?”

ಚೀಲದಲ್ಲಿ ಬ್ರಷ್ ಮತ್ತು ಕಪ್ಪು ಬಣ್ಣ ಇದ್ದವು. (ಅವಿಲ್ಲದೆ ನಾನು ಮದುವೆಗೂ ಹೋಗುವುದಿಲ್ಲ.) ಫ್ಲೆಕ್ಸಿನ ಎಡಗೆನ್ನೆಗೂ ಒಂದು ಮಚ್ಚೆ ಇಟ್ಟೆ.

“ಬಲಗಡಿದು ಅಳಸ್ರಿ ಮತ್ತ” ಎಂದ ಶಿವಪ್ಪ.

ಅದು ನನ್ನಿಂದ ಆಗಲಿಲ್ಲ. ದೇವರು ಇಟ್ಟದ್ದು. ಇನ್ನೊಬ್ಬರು ಕೈಯಾರೆ ಮಾಡಿದ ಕೆಲಸವನ್ನು ನಾನು ಕೆಡಿಸುವವನಲ್ಲ.

ಎರಡು ಮಚ್ಚೆಯ ನಾಯಕಿಗೆ ಶರಣಮ್ಮ ಹಾರ ಹಾಕಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಮತ್ತೆ ಹೋಗಿ, ಬಲಗೆನ್ನೆ ಮುಚ್ಚುವಂತೆ ಹಾರವನ್ನು ಒಂದಿಷ್ಟು ಎಳೆದಳು. ಆಮೇಲೆ ಕೈ ಮುಗಿದಳು.

ಸುಳ್ಳು ಮಚ್ಚೆ ಅಂದುಕೊಂಡಿದ್ದರೆ ಶಿವಪ್ಪನ ಹಾಗೆ ಅಳಿಸು ಅನ್ನುತ್ತಿದ್ದಳು. ಶರಣಮ್ಮ ನನ್ನ ಮಾತು ನಂಬಿರಲಿಲ್ಲ ಅಂತೀರಾ?