ಇಲ್ಲದ ಎರಡು ಎಕರೆ

ಮೊದಲು ಕಂಡದ್ದು ರೊಟ್ಟಿಯ ಮೇಲಿನ ರಕ್ತ. ರಜೆಗೆ ಕಾರಟಗಿಗೆ ಬಂದಿದ್ದ ನನ್ನ ಗಂಡ ಕಚ್ಚಿ ಇಟ್ಟ ತುಂಡು ಕೆಂಪಾಗಿತ್ತು. ವಸಡು ಒಸರುತ್ತಿತ್ತು. ಏಟು ಬೀಳದ ತೊಡೆಯ ಮೇಲೂ ನೀಲಿ ಕಲೆಗಳು.

ಮಿಲಿಟರಿ ಆಸ್ಪತ್ರೆಯಲ್ಲಿ ಬೋನ್ ಮ್ಯಾರೋ ತೆಗೆದು ನೋಡಿದರು. ಅಪ್ಲಾಸ್ಟಿಕ್ ಅನೀಮಿಯಾ. ಎಲುಬಿನೊಳಗೆ ರಕ್ತ ಹುಟ್ಟುವುದೇ ನಿಂತಿದೆ ಎಂದರು.

ಹದಿನಾರು ವರ್ಷ ಅವರು ಸೈನ್ಯದ ವರ್ಕ್‌ಶಾಪಿನಲ್ಲಿ ಇಂಧನದ ಟ್ಯಾಂಕರುಗಳ ಒಳಗಿಳಿದು ತೊಳೆದವರು. ಬೆಂಜೀನ್ ಇರುವ ದ್ರಾವಣ, ಬರಿಗೈ, ಮೂಗಿಗೊಂದು ಕರವಸ್ತ್ರ. ಅಂಗಿ ಒಗೆಯುವಾಗ ನನಗೆ ವಾಕರಿಕೆ ಬರುತ್ತಿತ್ತು. ಸಿಪಾಯಿಗಳ ಮೈವಾಸನೆಯೇ ಹೀಗೆ ಎಂದುಕೊಂಡಿದ್ದೆ.

ಸೈನ್ಯದಿಂದ ಬಿಡುಗಡೆಗೆ ಮುನ್ನ ಮೆಡಿಕಲ್ ಬೋರ್ಡ್ ಕೂತಿತು. ಕಾಯಿಲೆ ಸೇವೆಯಿಂದ ಬಂದದ್ದೆಂದು ಅದು ಬರೆದರೆ ಮಾತ್ರ ಅಂಗವೈಕಲ್ಯ ಪಿಂಚಣಿ. ಬೋರ್ಡಿನ ಡಾಕ್ಟರು ಊರಿನಲ್ಲಿ ಏನಿದೆ ಎಂದು ಕೇಳಿದರಂತೆ. ಎರಡು ಎಕರೆ ಭತ್ತದ ಗದ್ದೆ, ರಜೆಗೆ ಹೋದಾಗ ನಾನೇ ಔಷಧ ಸಿಂಪಡಿಸುತ್ತೇನೆ ಎಂದು ಇವರು ಹೇಳಿದರಂತೆ.

ಕೀಟನಾಶಕದಿಂದ ಬಂದ ಕಾಯಿಲೆ, ಸೇವೆಗೆ ಸಂಬಂಧವಿಲ್ಲ ಎಂದು ಬೋರ್ಡ್ ಬರೆಯಿತು.

ನಮಗೆ ಒಂದು ಗುಂಟೆಯೂ ಇಲ್ಲ. ಮಾವ ರೈಸ್ ಮಿಲ್ಲಿನ ಹಮಾಲ.

"ಯಾಕ ಹಂಗ ಹೇಳಿದ್ರಿ?" ಎಂದೆ.

"ಸೇರಿದ ದಿನದಿಂದ ಎಲ್ಲಾರಿಗೂ ಅದನ್ನ ಹೇಳೀನಿ. ಅವತ್ತೂ ಬಾಯಿಗೆ ಅದ ಬಂತು."

ನನಗೆ ಹೇಸಿಗೆಯಾಯಿತು. ಅವರ ಮೇಲಲ್ಲ ಎಂದು ಬರೆಯುವ ಆಸೆ. ಅವರ ಮೇಲೂ ಆಯಿತು. ಹೆಚ್ಚು ಆದದ್ದು ಆ ಒಂದು ಸಾಲಿನ ಮೇಲೆ. ಹದಿನಾರು ವರ್ಷ ಕಣ್ಣೆದುರೇ ವಿಷ ಕುಡಿಸಿದವರು, ಕಾಣದ ಗದ್ದೆಯನ್ನು ಒಂದೇ ಮಾತಿಗೆ ನಂಬಿದ್ದರು.

ಅಪೀಲಿಗೆ ಭೂರಹಿತರೆಂಬ ಪ್ರಮಾಣಪತ್ರ ಬೇಕಾಯಿತು.

"ಎಲ್ಲಾರೂ ಹೊಲ ಐತಿ ಅಂತ ಬರೀರಿ ಅಂತಾರ. ನೀವೊಬ್ಬರ ಇಲ್ಲ ಅಂತ ಬರೆಸ್ಕೊಳ್ಳಾಕ ಬಂದೀರಿ ನೋಡವ್ವ," ಎಂದು ತಹಶೀಲ್ದಾರ್ ಕಚೇರಿಯ ಗುಮಾಸ್ತ ನಕ್ಕ. ಆದರೂ ಕೊಟ್ಟ.

ಸಾಕ್ಷಿಯೂ ಬೇಕಿತ್ತು. ಅದೇ ಟ್ಯಾಂಕರಿಗೆ ಇಳಿದಿದ್ದ ಗೆಳೆಯ ದೇವೇಂದ್ರ ಈಗ ಕುಷ್ಟಗಿಯಲ್ಲಿದ್ದಾರೆ. ಅಪೀಲು ಓದಿದರೆ ಅವರಿಗೆ ಸುಳ್ಳು ತಿಳಿಯುತ್ತದೆ. ಎಂಟು ದಿನ ಇವರು ಫೋನು ಮುಟ್ಟಲಿಲ್ಲ. ಒಂಬತ್ತನೆಯ ದಿನ, ವಸಡಿಗೆ ಹತ್ತಿ ಇಟ್ಟುಕೊಂಡೇ ಮಾತಾಡಿದರು.

"ನಂಗ ಹೊಲ ಇಲ್ಲೋ ದೇವೇಂದ್ರ. ಸುಳ್ಳು ಹೇಳಿದ್ದೆ."

ಆ ಕಡೆಯಿಂದ ದೇವೇಂದ್ರ, "ಮತ್ತ ಪ್ರತಿ ವರ್ಷ ನಮ್ಮ ಗದ್ದಿದು ಅಂತ ತಂದು ಕೊಡ್ತಿದ್ಯಲ್ಲ, ಆ ಅಕ್ಕಿ?"

"ಅಪ್ಪ ಹಮಾಲಿ ಮಾಡೋ ಮಿಲ್ಲಾಗ ಕೊಂಡಿದ್ದು."

"ಕಳ್ಳ. ಅಕ್ಕಿ ಮಾತ್ರ ಛಲೋ ಇತ್ತು. ಏನ್ ಬರೀಬೇಕು ಹೇಳು."

ಅವರ ಹೇಳಿಕೆ ಅಪೀಲಿನ ಜೊತೆ ಹೋಗಿದೆ. ಉತ್ತರ ಬಂದಿಲ್ಲ. ಈ ತಿಂಗಳು ಪ್ಲೇಟ್‌ಲೆಟ್ ಹಾಕಿಸುವ ಪ್ರಸಂಗ ಬರಲಿಲ್ಲ. ಇಲ್ಲಿಯತನಕ ರಕ್ತ ಕೊಟ್ಟವರಿಗೆ, ದೇವೇಂದ್ರರಿಗೆ ಕೈಮುಗಿಯುತ್ತೇನೆ. ಬೋರ್ಡಿಗೆ ಮುಗಿಯಲು ಕೈ ಇನ್ನೂ ಏಳುವುದಿಲ್ಲ.