ಧ್ಯಾನಕ್ಕೆ ಕೂತ ಕಿರಿಸೊಸೆ
ಬೆಳಿಗ್ಗೆ ಏಳಕ್ಕೆ ಸರಿಯಾಗಿ, ಮನೆಯ ಕೆಲಸವೆಲ್ಲ ಒಟ್ಟಿಗೆ ಮೈಮೇಲೆ ಬೀಳುವ ಹೊತ್ತಿಗೆ, ಕಿರಿಸೊಸೆ ಮೊಬೈಲು ಹಿಡಿದು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಾಳೆ. "ಅಕ್ಕಾ, ಗುರುಗಳ ಪ್ರವಚನ" ಎಂಬುದೇ ಅವಳ ರಜೆಚೀಟಿ. ಆಮೇಲೆ ಮನೆಯೇ ಆಶ್ರಮವಾಗುತ್ತದೆ: ಮಾವ ಟೀವಿಯ ದನಿ ಇಳಿಸುತ್ತಾರೆ, ಅವಳ ಗಂಡ ಬೆಕ್ಕಿನ ಹೆಜ್ಜೆ ಇಡುತ್ತಾನೆ, ಅತ್ತೆ ಸೆರಗಿನೊಳಗೆ ಕೆಮ್ಮುತ್ತಾರೆ, ಹಿರಿಸೊಸೆ ಪಾತ್ರೆ ತಿಕ್ಕಿದರೆ ಅವರೇ "ಮೆಲ್ಲಗೆ ಕಣೇ, ಅವಳು ಧ್ಯಾನದಲ್ಲಿದ್ದಾಳೆ" ಎಂದು ಗದರುತ್ತಾರೆ. ಹದಿನೆಂಟು ವರ್ಷ, ಜ್ವರ ಬಂದಾಗಲೂ ಎದ್ದು ಒಲೆ ಹಚ್ಚಿದವಳು ಹಿರಿಸೊಸೆ. ಅವಳಿಗಾಗಿ ಯಾರೂ ದನಿ ತಗ್ಗಿಸಿದ್ದಿಲ್ಲ. ಎಂಟಕ್ಕೆ ಹೊರಬರುವ ಕಿರಿಯವಳ ಮುಖದಲ್ಲಿ ಅದೆಂಥ ಕಳೆ! "ನೀವೂ ಒಮ್ಮೆ ಕೂತು ನೋಡಿ ಅಕ್ಕಾ, ಮೈಮನಸ್ಸು ಹಗುರಾಗುತ್ತೆ" ಎಂದರೆ, "ನಾನು ಕೂತ್ರೆ ನಿಮ್ಮ ಗುರುಗಳು ಬಂದು ಪಾತ್ರೆ ತೊಳೀತಾರಾ?" ಎಂದು ಇವಳು ಉರಿದುಬೀಳುತ್ತಾಳೆ. ದೇವರು ಕೂಡ ಕಿರಿಯವಳನ್ನೇ ಆರಿಸಿಕೊಂಡನಲ್ಲ ಎಂಬ ಹೊಟ್ಟೆಕಿಚ್ಚು ಇವಳಿಗೆ ಊಟಕ್ಕೆ ಕೂತರೂ ಆರುವುದಿಲ್ಲ. ನಿನ್ನೆ ತಡೆಯಲಾರದೆ, ಒಗೆಯುವ ಬಟ್ಟೆಯ ನೆಪ ಮಾಡಿಕೊಂಡು ಬಾಗಿಲು ತಳ್ಳಿಯೇಬಿಟ್ಟಳು. ಗೋಡೆಗೆ ಒರಗಿಸಿದ್ದ ಮೊಬೈಲಿನಲ್ಲಿ ಗುರುಗಳು ಗೃಹಿಣಿಯ ದುಡಿಮೆಯೇ ಪೂಜೆಯೆಂದು ಬೋಧಿಸುತ್ತಿದ್ದರು. ಗೃಹಿಣಿ ಹಾಸಿಗೆಯ ಮೇಲೆ ಕಾಲು ಚಾಚಿ, ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು. ಅತ್ತೆಯನ್ನು ಕೂಗಬೇಕೆಂದು ತಿರುಗಿದ ಹಿರಿಯವಳು ಆ ಮುಖವನ್ನು ಮತ್ತೊಮ್ಮೆ ನೋಡಿದಳು, ಒಳಗಿನಿಂದ ಚಿಲಕ ಹಾಕಿದಳು, ಮುಗಿಯುತ್ತ ಬಂದಿದ್ದ ಪ್ರವಚನವನ್ನು ಮತ್ತೆ ಮೊದಲಿನಿಂದ ಹಚ್ಚಿ, ಹೊರಗೆ ಕೇಳಿಸುವಷ್ಟು ದನಿ ಏರಿಸಿ, "ಸ್ವಲ್ಪ ಆ ಕಡೆ ಸರಿಯೇ" ಎನ್ನುತ್ತ ಅವಳ ಪಕ್ಕದಲ್ಲಿ ಮಲಗಿದಳು.